ಬರ ಪ್ರಕೃತಿಯದು, ಹಸಿವು ಮಾನವಕೃತ

2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಮರುವರ್ಷ ಮಳೆ ಬಂದಿತು. ಬರದ ಮಾತು ಮರೆಯಾಯಿತು. ಆದರೆ ಆ ವರ್ಷ ಮಾಡಿದ ಸಾಲ, ಮಾರಿದ ಎತ್ತು, ಬಿಡಿಸಿದ ಶಾಲೆ ಇವಾವುವೂ ಮಳೆಯೊಡನೆ ಸರಿಹೋಗುವಂಥವಲ್ಲ. ಆದುದರಿಂದ ಬರವಿಲ್ಲದ ದಿನಗಳಲ್ಲೇ ಬರವನ್ನು ಕುರಿತು ಚಿಂತಿಸುವುದು ವಿವೇಕ.

ಬರವೂ ಹಸಿವೂ ಒಂದೇ ಎಂದು ನಾವು ಭಾವಿಸುತ್ತೇವೆ. ವಿಚಾರ ಮಾಡಿದರೆ ಇವೆರಡೂ ಬೇರೆ. ಮಳೆಯ ಅಭಾವ ಪ್ರಕೃತಿಗೆ ಸೇರಿದ್ದು. ಅನ್ನದ ಅಭಾವ ಸಮಾಜವ್ಯವಸ್ಥೆಗೆ ಸೇರಿದ್ದು. 1943ರ ಬಂಗಾಳದ ಕ್ಷಾಮದಲ್ಲಿ ಜನ ಸತ್ತದ್ದು ಧಾನ್ಯವೇ ಇಲ್ಲದೆ ಅಲ್ಲ, ಅದನ್ನು ಕೊಳ್ಳುವ ಶಕ್ತಿಯಿಲ್ಲದೆ ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರು 1981ರ ತಮ್ಮ ಗ್ರಂಥದಲ್ಲಿ ವಾದಿಸಿದರು. ರಾಯಚೂರು, ಕೊಪ್ಪಳ, ಯಾದಗಿರಿ ಜಿಲ್ಲೆಗಳ ಮಳೆಯಾಶ್ರಿತ ಹೊಲಗಳನ್ನು ಕಂಡವರಿಗೆ ಈ ಮಾತು ಹೊಸದಲ್ಲ. ಬೆಳೆ ಒಣಗಿದರೆ ರೈತನ ಫಸಲು ಹೋಗುತ್ತದೆ. ಕೂಲಿಯವನಿಗೆ ಕಳೆ ತೆಗೆಯುವ, ಕೊಯ್ಯುವ ಕೆಲಸವೇ ಹೋಗುತ್ತದೆ. ಅಂಗಡಿಯಲ್ಲಿ ಜೋಳವಿದ್ದರೂ ಅವನ ಒಲೆ ಉರಿಯದು. ಆಗ ಉಳಿಯುವ ದಾರಿ ಗುಳೆ.

2013ರ ಆಹಾರ ಭದ್ರತಾ ಕಾಯ್ದೆಯೂ ಅದೇ ವರ್ಷದ ಅನ್ನಭಾಗ್ಯ ಯೋಜನೆಯೂ ಬಡವರ ಉಪವಾಸವನ್ನು ಬಹುಮಟ್ಟಿಗೆ ತಡೆದಿವೆ. ಇದನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಅಕ್ಕಿಯಿಂದ ಹೊಟ್ಟೆ ತುಂಬಿದರೂ ಬೇಳೆ, ಸೊಪ್ಪು, ಹಾಲಿಲ್ಲದೆ ಮಗು ಬೆಳೆಯದು. ತಂದೆತಾಯಿಯೊಡನೆ ಗುಳೆ ಹೋದ ಮಗುವಿಗೆ ಅಂಗನವಾಡಿಯ ಆಹಾರವೂ ಶಾಲೆಯ ಬಿಸಿಯೂಟವೂ ತಪ್ಪುತ್ತವೆ. ಬರದ ಭಾರವನ್ನು ಹೆಚ್ಚಾಗಿ ಹೊರುವುದು ಈ ಎಳೆಯ ಹೆಗಲೇ.

ಬಯಲುಸೀಮೆಯ ಹಿರಿಯರು ಹಗೇವು ತೋಡಿ, ಸಮೃದ್ಧಿಯ ವರ್ಷದ ಜೋಳವನ್ನು ಕೊರತೆಯ ವರ್ಷಕ್ಕೆ ಕಾಪಿಡುತ್ತಿದ್ದರು. ಈಜಿಪ್ಟಿನಲ್ಲಿ ಜೋಸೆಫನು ಮಾಡಿದ್ದೂ ಇದನ್ನೇ. ಆ ವಿವೇಕ ಇಂದು ಹೊಸ ರೂಪ ತಾಳಬೇಕು. ಜೋಳ, ಸಜ್ಜೆ, ತೊಗರಿಯನ್ನು ಬೆಳೆದ ಜಿಲ್ಲೆಯಲ್ಲೇ ನ್ಯಾಯವಾದ ಬೆಲೆಗೆ ಕೊಂಡು ಅಲ್ಲಿಯೇ ಪಡಿತರವಾಗಿ ಹಂಚಬೇಕು. ಬೆಳೆ ಕೈಕೊಟ್ಟ ಕೂಡಲೇ, ಜನ ಗುಳೆ ಹೊರಡುವ ಮುನ್ನವೇ, ಕೆರೆಯ ಹೂಳೆತ್ತುವ ಕೂಲಿ ದೊರೆಯಬೇಕು. ಹೋಗಲೇಬೇಕಾದವರ ಮಕ್ಕಳಿಗೆ ಊರಿನಲ್ಲೇ ವಸತಿ, ಊಟ ಏರ್ಪಡಬೇಕು.

ಇದೆಲ್ಲ ಸರ್ಕಾರದ ಕೆಲಸವೆಂದು ನಾವು ಕೈಕಟ್ಟಿ ಕೂರಲಾಗದು. ನಮ್ಮ ಪಟ್ಟಣಗಳಲ್ಲಿ ಏಳುತ್ತಿರುವ ಕಟ್ಟಡಗಳ ಮಗ್ಗುಲ ಶೆಡ್ಡುಗಳಲ್ಲಿ ಗುಳೆ ಬಂದ ಎಷ್ಟೋ ಕುಟುಂಬಗಳಿವೆ. ಅವರ ಮಕ್ಕಳನ್ನು ಹತ್ತಿರದ ಅಂಗನವಾಡಿಗೆ, ಶಾಲೆಗೆ ಸೇರಿಸುವುದು, ಅವರ ಪಡಿತರ ಚೀಟಿಗೆ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೇ ಧಾನ್ಯ ಕೊಡಿಸುವುದು ನಮ್ಮಿಂದಾಗುವ ಕೆಲಸ. ಹಸಿದವರಿಗೆ ಒಂದು ದಿನ ಅನ್ನವಿಕ್ಕುವುದು ಪುಣ್ಯವೇ ಸರಿ. ಅವರಿಗೆ ಸಲ್ಲಬೇಕಾದುದನ್ನು ದಿನವೂ ಸಲ್ಲುವಂತೆ ಮಾಡುವುದಕ್ಕೆ ನ್ಯಾಯವೆಂದು ಹೆಸರು.