ಜೀವಕೋಶದ ಫೋಟೊದಲ್ಲಿ ಹೊಳೆಯುವ ಹಸಿರು: ಅದು ನಿಜವಾದ ಬಣ್ಣವೇ?

ಕಪ್ಪು ಹಿನ್ನೆಲೆಯಲ್ಲಿ ಹಸಿರು, ಕೆಂಪು, ನೀಲಿಯಾಗಿ ಝಗಮಗಿಸುವ ಜೀವಕೋಶದ ಚಿತ್ರ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಕೆಳಗೆ ‘ದೇಹದೊಳಗಿನ ಬೆಳಕು’ ಎಂದೋ ‘ಕ್ಯಾನ್ಸರ್ ಕೋಶದ ನಿಜ ಬಣ್ಣ’ ಎಂದೋ ಬರೆದಿರುತ್ತಾರೆ. ಚಿತ್ರ ಅಸಲಿಯೇ ಇರಬಹುದು, ಬರಹ ಮಾತ್ರ ತಪ್ಪು.

ನಮ್ಮ ಬಹುಪಾಲು ಕೋಶಗಳಿಗೆ ಹೇಳಿಕೊಳ್ಳುವಂಥ ಬಣ್ಣವಿಲ್ಲ. ಸಾವಿರಾರು ಪ್ರೋಟೀನ್‌ಗಳ ನಡುವೆ ಒಂದು ಎಲ್ಲಿದೆ ಎಂದು ನೋಡಲು ವಿಜ್ಞಾನಿಗಳು ಅದಕ್ಕೊಂದು ಗುರುತು ಅಂಟಿಸುತ್ತಾರೆ. ಹೊಳೆಯುವುದು ಆ ಗುರುತು. ಮಳೆಗಾಲಕ್ಕೆ ಮುಂಚೆ ಆನೇಮಹಲ್ ಕಡೆಯ ತೋಟಗಳಲ್ಲಿ ಮಿನುಗುವ ಮಿಂಚುಹುಳ ತಾನೇ ಬೆಳಕು ಹುಟ್ಟಿಸುತ್ತದೆ. ಈ ಗುರುತು ಹಾಗಲ್ಲ, ನೀಲಿ ಬೆಳಕು ಬಿಟ್ಟಾಗ ಮಾತ್ರ ಹಸಿರು ಹೊಮ್ಮಿಸುತ್ತದೆ. ಎಷ್ಟೋ ಸಲ ಕ್ಯಾಮೆರಾ ಕಪ್ಪು-ಬಿಳುಪಿನದು. ಬಣ್ಣ ತುಂಬುವುದು ಕಂಪ್ಯೂಟರ್.

ಗುರುತು ಅಂಟಿಸಲು ಮುಖ್ಯವಾಗಿ ಎರಡು ದಾರಿ. ಒಂದು, ಜಿಎಫ್‌ಪಿ ಎಂಬ ಹಸಿರು ಪ್ರೋಟೀನ್. ಒಸಾಮು ಶಿಮೊಮುರಾ ಇದನ್ನು ಸಮುದ್ರದ ಲೋಳೆಮೀನಿನಲ್ಲಿ ಕಂಡು 1962ರಲ್ಲಿ ವರದಿ ಮಾಡಿದರು. 1994ರಲ್ಲಿ ಮಾರ್ಟಿನ್ ಚಾಲ್ಫಿ ತಂಡ ಅದರ ಜೀನನ್ನು ಹುಳುವಿನೊಳಗೆ ಸೇರಿಸಿ ಹೊಳೆಯಿಸಿತು. ರೋಜರ್ ಚೆನ್ ಅವರೊಂದಿಗೆ ಇಬ್ಬರಿಗೂ 2008ರ ನೊಬೆಲ್ ಬಂತು. ಇಲ್ಲಿ ಕೋಶವೇ ಗುರುತನ್ನು ತಯಾರಿಸುವುದರಿಂದ ಅದು ಬದುಕಿರುವಾಗಲೇ ನೋಡಬಹುದು. ಆದರೆ ಇದು 238 ಅಮೈನೊ ಆಮ್ಲಗಳ ದೊಡ್ಡ ಹೊರೆ. ಹೊತ್ತ ಪ್ರೋಟೀನ್ ತನ್ನ ಜಾಗ ಬಿಟ್ಟು ಬೇರೆಡೆ ಹೋಗುವುದೂ ಉಂಟು.

ಎರಡನೆಯದು ಪ್ರತಿಕಾಯ, ಅಂದರೆ ಆ್ಯಂಟಿಬಾಡಿ. ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯ ಹೊರಗಿನಿಂದ ಹೋಗಿ ತನ್ನ ಗುರಿಗೆ ಅಂಟುತ್ತದೆ. ಬದುಕಿರುವ ಕೋಶದ ಪೊರೆ ಅದನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಒಳಗಿನದನ್ನು ನೋಡಬೇಕಾದರೆ ಸಾಮಾನ್ಯವಾಗಿ ಕೋಶವನ್ನು ರಾಸಾಯನಿಕದಲ್ಲಿ ಸ್ಥಿರಗೊಳಿಸಿ, ಪೊರೆಯಲ್ಲಿ ತೂತು ಮಾಡಬೇಕು. ತಪ್ಪು ಪ್ರೋಟೀನಿಗೆ ಅಂಟುವ ಪ್ರತಿಕಾಯಗಳೂ ಇವೆ, ಇದು ಸಂಶೋಧಕರ ಹಳೆಯ ತಲೆನೋವು. ಅದಕ್ಕೇ ಆ ಪ್ರೋಟೀನ್ ಇಲ್ಲದ ಕೋಶಕ್ಕೂ ಅದನ್ನೇ ಹಾಕಿ ನೋಡುತ್ತಾರೆ. ಅದೂ ಹೊಳೆದರೆ ಮೊದಲ ಚಿತ್ರವನ್ನು ನಂಬುವಂತಿಲ್ಲ.

ಇದೇ ಪ್ರತಿಕಾಯದ ತಂತ್ರ ರೇಬೀಸ್ ಪರೀಕ್ಷೆಯಲ್ಲೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಪ್ರಯೋಗಾಲಯಗಳಲ್ಲಿ ಸತ್ತ ಪ್ರಾಣಿಯ ಮಿದುಳಿನ ಚೂರಿಗೆ ಹೊಳೆಯುವ ಪ್ರತಿಕಾಯ ಹಾಕುತ್ತಾರೆ. ವೈರಸ್ ಇದ್ದರೆ ಹಸಿರು ಚುಕ್ಕಿಗಳು ಕಾಣುತ್ತವೆ. ಬೇಕಾಗಿರುವುದು ಮಿದುಳು ಎಂಬುದನ್ನು ಗಮನಿಸಿ. ಬದುಕಿರುವ ನಾಯಿಗೆ ಈ ಪರೀಕ್ಷೆ ಮಾಡಲಾಗದು. ‘ನಾಯಿಯನ್ನು ಟೆಸ್ಟ್ ಮಾಡಿಸಿ, ಆಮೇಲೆ ಇಂಜೆಕ್ಷನ್ ನೋಡೋಣ’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಕಚ್ಚಿದ ಜಾಗವನ್ನು ತಕ್ಷಣ ಸೋಪು-ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿಸಿ.