ಏನೂ ಇಲ್ಲ ಎನ್ನುವ ಮೊದಲು

ಎದೆ ಡವಡವ ಹೊಡೆದುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ಕೈಕಾಲು ನಡುಗುತ್ತವೆ. ಇಸಿಜಿ ಮಾಡಿಸಿದರೆ ಎಲ್ಲ ಸರಿಯಾಗಿದೆ. ‘ನಿಮಗೇನೂ ಇಲ್ಲ, ಸುಮ್ನೆ ಟೆನ್ಷನ್ ಮಾಡ್ಕೋಬೇಡಿ’ ಎಂಬ ಮಾತು ಕೇಳಿ ಮನೆಗೆ ಬಂದವರಿಗೆ ರಾತ್ರಿ ಮತ್ತೆ ಅದೇ ಸಂಕಟ. ಹೃದಯದಲ್ಲಿ ದೋಷವಿಲ್ಲ ಎಂದ ಮಾತ್ರಕ್ಕೆ ಏನೂ ಇಲ್ಲ ಎನ್ನಬಹುದೇ?

ಈ ಪ್ರಶ್ನೆಯಲ್ಲಿ ವೈದ್ಯಶಾಸ್ತ್ರ ಬಹಳ ಕಾಲ ಎಡವಿದೆ. ಅಮೆರಿಕದ ಅಂತರ್ಯುದ್ಧದ ಹೊತ್ತಿಗೆ ಫಿಲಡೆಲ್ಫಿಯಾದ ಸೈನಿಕ ಆಸ್ಪತ್ರೆಯಲ್ಲಿದ್ದ ವೈದ್ಯ ಜೇಕಬ್ ಮೆಂಡಿಸ್ ಡ ಕೋಸ್ಟಾ, ಮುನ್ನೂರಕ್ಕೂ ಹೆಚ್ಚು ಸೈನಿಕರ ಅಧ್ಯಯನವನ್ನು 1871ರಲ್ಲಿ ಪ್ರಕಟಿಸಿದರು. ಎದೆಬಡಿತ, ಎದೆನೋವು, ಏದುಸಿರು, ತಲೆಸುತ್ತು, ನಿದ್ದೆಗೇಡು ಎಲ್ಲವೂ ಅದರಲ್ಲಿವೆ. ಅವರು ಇದನ್ನು ‘ಕೆರಳಿದ ಹೃದಯ’ ಎಂದು ಕರೆದರು. ದಂಡಯಾತ್ರೆಯ ದಣಿವು, ಜ್ವರ, ಭೇದಿಗಳಲ್ಲಿ ಕಾರಣ ಹುಡುಕಿ, ವಿಶ್ರಾಂತಿಯ ಜೊತೆಗೆ ಹೃದಯದ ಔಷಧಿ ಡಿಜಿಟಾಲಿಸ್ ಕೊಟ್ಟರು. ಇಂಥದೇ ಲಕ್ಷಣಗಳಿಗೆ ಬ್ರಿಟಿಷ್ ಸೇನೆಯ ವೈದ್ಯ ಮೈಯರ್ಸ್ ಬಿಗಿಯಾದ ಸಮವಸ್ತ್ರವನ್ನು ದೂರಿದರು.

ಇಬ್ಬರೂ ಸೈನಿಕನ ಮಾತನ್ನು ನಂಬಿದ್ದರು. ಅದು ಸಣ್ಣ ಸಂಗತಿಯಲ್ಲ. ಆದರೂ ಭಯವೇ ಇಷ್ಟೆಲ್ಲ ಮಾಡಬಲ್ಲದು ಎಂಬಲ್ಲಿಗೆ ಅವರ ವಿವರಣೆ ತಲುಪಲಿಲ್ಲ. ಹೆದರಿಕೆಯನ್ನು ಹೇಡಿತನವೆಂದೇ ಎಣಿಸುವ ಸೇನೆಯಲ್ಲಿ ಹೃದಯದ ಕಾಯಿಲೆಗೆ ಇದ್ದ ಮರ್ಯಾದೆ ಆತಂಕಕ್ಕೆ ಎಲ್ಲಿಂದ ಬರಬೇಕು? ಮೊದಲ ಮಹಾಯುದ್ಧದಲ್ಲೂ ಇದು ‘ಸೈನಿಕರ ಹೃದಯ’ವಾಗಿಯೇ ಉಳಿಯಿತು. 1941ರಲ್ಲಿ ಹೃದಯತಜ್ಞ ಪಾಲ್ ವುಡ್, ಈ ಲಕ್ಷಣಗಳ ಮೂಲ ಹೃದಯವಲ್ಲ, ಆತಂಕ ಎಂದು ಗಟ್ಟಿಯಾಗಿ ವಾದಿಸಿದರು. ಅಷ್ಟರಲ್ಲಿ ಎಪ್ಪತ್ತು ವರ್ಷ ಕಳೆದಿತ್ತು.

ಮೂಲ ಆತಂಕ ಎಂದರೆ ಸಂಕಟ ಸುಳ್ಳು ಎಂದಲ್ಲ. ಅಪಾಯ ಕಂಡಾಗ ದೇಹದಲ್ಲಿ ಅಡ್ರಿನಲಿನ್ ಹರಿಯುತ್ತದೆ, ನಾಡಿ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಕಾದಾಡಲು ಇಲ್ಲವೇ ಓಡಲು ದೇಹ ನಡೆಸುವ ಈ ಸಿದ್ಧತೆಯನ್ನು ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲೇ ವಿವರಿಸಿದ್ದರು. ಹೊರಗೆ ಅಪಾಯವಿಲ್ಲದಿದ್ದರೂ ಹೃದಯ ಬಡಿಯುವುದು ನಿಜವಾಗಿಯೇ.

ಇದನ್ನು ಅನುಭವದಿಂದ ಅರಿತವರು ಆಸ್ಟ್ರೇಲಿಯಾದ ಕ್ಲೇರ್ ವೀಕ್ಸ್. ಯೌವನದಲ್ಲಿ ಕ್ಷಯವೆಂಬ ತಪ್ಪು ರೋಗನಿರ್ಣಯದಿಂದ ಆರೋಗ್ಯಧಾಮ ಸೇರಿದ ಅವರಿಗೆ ಎದೆಬಡಿತ ಅಂಟಿಕೊಂಡಿತು. ಯುದ್ಧದಿಂದ ಮರಳಿದ್ದ ಗೆಳೆಯರೊಬ್ಬರು, ಇದು ಭಯದ ಕೆಲಸ, ಸೈನಿಕರಿಗೂ ಹೀಗೇ ಆಗುತ್ತಿತ್ತು ಎಂದಾಗ ಅವರಿಗೆ ದಾರಿ ಹೊಳೆಯಿತು: ತನ್ನನ್ನು ಕಾಡುತ್ತಿರುವುದು ಭಯದ ಮೇಲಿನ ಭಯ. ಮುಂದೆ ವೈದ್ಯೆಯಾಗಿ 1962ರಲ್ಲಿ ಬರೆದ ಪುಸ್ತಕದಲ್ಲಿ ಆತಂಕವನ್ನು ಎದುರಿಸಿ, ಒಪ್ಪಿಕೊಂಡು, ಅದರೊಡನೆ ತೇಲಿ, ಕಾಲ ಸರಿಯಲು ಬಿಡುವ ಬಗೆಯನ್ನು ಕಲಿಸಿದರು. ಅದೇ ದಶಕದಲ್ಲಿ ಮಾರುಕಟ್ಟೆಗೆ ಬಂದ ಲಿಬ್ರಿಯಮ್, ವ್ಯಾಲಿಯಮ್ ಮಾತ್ರೆಗಳು ಬೇಗ ಶಮನ ಕೊಟ್ಟವು, ಹಲವರನ್ನು ಚಟಕ್ಕೂ ಒಡ್ಡಿದವು.

ಎದೆನೋವು ಬಂದರೆ ಮೊದಲು ಹೃದಯವನ್ನೇ ಪರೀಕ್ಷಿಸಬೇಕು, ಅದರಲ್ಲಿ ರಾಜಿ ಬೇಡ. ವರದಿ ಸರಿಯಿದ್ದು, ಬೇರೆ ದೈಹಿಕ ಕಾರಣವೂ ಕಾಣದಿದ್ದರೆ ವೈದ್ಯರು ‘ಏನೂ ಇಲ್ಲ’ ಎನ್ನುವ ಬದಲು ‘ಇದು ಆತಂಕ, ಇದಕ್ಕೆ ಚಿಕಿತ್ಸೆ ಇದೆ’ ಎನ್ನಲಿ. ಮನೆಯವರೂ ಹಾಗೆಯೇ ಹೇಳಲಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ, ಹಗಲು ರಾತ್ರಿ ಎನ್ನದೆ ಉಚಿತವಾಗಿ ಮಾತನಾಡಬಹುದು.