ಯಂತ್ರ ಓದುವ ಕೈಪಿಡಿ: ಬರೆಯುವ ಹೊಣೆ ಯಾರದು?

ಕೃತಕ ಬುದ್ಧಿಮತ್ತೆಯ ಏಜೆಂಟ್‌ಗಳು ಸಣ್ಣ ಉದ್ದಿಮೆಗಳ ಕಚೇರಿಗಳಿಗೂ ಕಾಲಿಡತೊಡಗಿವೆ. ಕೇಳಿದ ಪ್ರಶ್ನೆಗೆ ಉತ್ತರಿಸುವುದಷ್ಟೇ ಇವುಗಳ ಕೆಲಸವಲ್ಲ. ದಾಸ್ತಾನು ಪರಿಶೀಲಿಸುವುದು, ಬಿಲ್ ತಯಾರಿಸುವುದು, ಬಾಕಿದಾರರಿಗೆ ಜ್ಞಾಪನಾ ಪತ್ರ ಕಳುಹಿಸುವುದು ಮುಂತಾದ ಕಾರ್ಯಗಳನ್ನು ಸಂಸ್ಥೆಯ ತಂತ್ರಾಂಶದ ಮೂಲಕ ಇವು ತಾವೇ ನೆರವೇರಿಸಬಲ್ಲವು. ಉದ್ಯಮಿಗಳು ಏಜೆಂಟಿನ ಬೆಲೆಯನ್ನು ವಿಚಾರಿಸುತ್ತಾರೆ; ಅದಕ್ಕೆ ತಂತ್ರಾಂಶವನ್ನು ಪರಿಚಯಿಸುವ ಬರಹ ಹೇಗಿದೆ ಎಂದು ವಿಚಾರಿಸುವವರು ವಿರಳ. ಲಾಭನಷ್ಟ ನಿರ್ಧಾರವಾಗುವುದು ಬಹುಮಟ್ಟಿಗೆ ಈ ಬರಹದಿಂದಲೇ.

ತಂತ್ರಾಂಶದ ಪ್ರತಿಯೊಂದು ಕಾರ್ಯವನ್ನೂ ಏಜೆಂಟಿನ ಮುಂದೆ ಒಂದು ‘ಟೂಲ್’ ಎಂದು ಇಡಲಾಗುತ್ತದೆ. ಟೂಲಿನ ಹೆಸರು, ಅದರ ವಿವರಣೆ ಮತ್ತು ಅದಕ್ಕೆ ಒದಗಿಸಬೇಕಾದ ಮಾಹಿತಿ, ಈ ಮೂರನ್ನು ಓದಿಯೇ ಏಜೆಂಟ್ ಯಾವುದನ್ನು ಬಳಸಬೇಕೆಂದು ತೀರ್ಮಾನಿಸುತ್ತದೆ. ಆಂಥ್ರೋಪಿಕ್ ಸಂಸ್ಥೆಯು 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ ಮುಕ್ತ ಮಾನದಂಡದಲ್ಲಿಯೂ ಇದೇ ಕ್ರಮವಿದೆ.

ಹಳೆಯ ಗುಮಾಸ್ತನಿಗೆ ಕೈಪಿಡಿ ಬೇಕಿರಲಿಲ್ಲ. ಯಾವ ಗಿರಾಕಿಗೆ ಎಷ್ಟು ದಿನದ ಉದ್ದರಿ, ಯಾವ ಸರಕನ್ನು ಡಜನ್ ಲೆಕ್ಕದಲ್ಲಿ ಮಾರಬೇಕು ಎಂಬುದೆಲ್ಲ ಅವನ ತಲೆಯಲ್ಲಿರುತ್ತಿತ್ತು; ಸಂಶಯ ಬಂದರೆ ಯಜಮಾನರನ್ನು ಕೇಳುತ್ತಿದ್ದ. ಏಜೆಂಟ್ ಹಾಗೆ ಕೇಳಿಯೇ ತೀರುತ್ತದೆಂದು ನೆಚ್ಚುವಂತಿಲ್ಲ. ವಿವರಣೆಯಲ್ಲಿ ಬಿಟ್ಟುಹೋದುದನ್ನು ಅದು ಬಹಳಷ್ಟು ವೇಳೆ ಊಹಿಸಿ ತುಂಬಿಕೊಳ್ಳುತ್ತದೆ.

ಇ-ಇನ್‌ವಾಯ್ಸ್‌ನ ಉದಾಹರಣೆಯನ್ನೇ ನೋಡಬಹುದು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ವ್ಯಾಪಾರಿಗಳು, ಕೆಲವು ವಿನಾಯಿತಿಗಳ ಹೊರತು, ಇತರ ನೋಂದಾಯಿತ ವ್ಯಾಪಾರಿಗಳಿಗೆ ನೀಡುವ ಬಿಲ್‌ಗಳನ್ನು 2023ರ ಆಗಸ್ಟ್ 1ರಿಂದ ಪೋರ್ಟಲಿನಲ್ಲಿ ನೋಂದಾಯಿಸಿ ಐಆರ್‌ಎನ್ ಸಂಖ್ಯೆ ಪಡೆಯಬೇಕಾಗಿದೆ. ಆ ನೋಂದಣಿಯನ್ನು 24 ಗಂಟೆಯೊಳಗೆ ಮಾತ್ರ ಅಲ್ಲಿ ರದ್ದುಪಡಿಸಬಹುದು. ತಂತ್ರಾಂಶದಲ್ಲಿ ‘ಬಿಲ್ ಅಳಿಸು’, ‘ಬಿಲ್ ರದ್ದು’ ಎಂಬ ಎರಡು ಟೂಲ್‌ಗಳಿದ್ದು, ಎರಡಕ್ಕೂ ‘ಬಿಲ್ಲನ್ನು ತೆಗೆಯುತ್ತದೆ’ ಎಂಬ ಒಂದೇ ವಿವರಣೆ ಇದ್ದರೆ ಏಜೆಂಟ್ ಯಾವುದನ್ನು ಆರಿಸೀತು? ಅದರ ಬದಲು ಹೀಗೆ ಬರೆದರೆ ಗೊಂದಲಕ್ಕೆ ಎಡೆಯಿರದು: ‘ಪೋರ್ಟಲಿನಲ್ಲಿ ನೋಂದಣಿಯಾದ ಬಿಲ್ಲನ್ನು ರದ್ದುಪಡಿಸುತ್ತದೆ. ಐಆರ್‌ಎನ್ ದೊರೆತು 24 ಗಂಟೆ ಮೀರಿದ್ದರೆ ಬಳಸಬಾರದು. ರದ್ದಾದ ಬಿಲ್ಲಿನ ಸಂಖ್ಯೆಯನ್ನು ಪುನಃ ಉಪಯೋಗಿಸುವಂತಿಲ್ಲ. ಕರಡು ಬಿಲ್ ತೆಗೆಯಲು ಬಿಲ್ ಅಳಿಸು ಎಂಬ ಟೂಲನ್ನು ಬಳಸಬೇಕು.’ ತಪ್ಪಾದಾಗ ತೆರಿಗೆ ಇಲಾಖೆಯ ನೋಟಿಸು ಏಜೆಂಟಿನ ಹೆಸರಿಗೆ ಬರುವುದಿಲ್ಲ. ನೋಂದಾಯಿತ ವ್ಯಾಪಾರಿಯ ಹೆಸರಿಗೇ ಬರುತ್ತದೆ.

ಅಳತೆಯ ಮಾನಗಳೂ ಇಷ್ಟೇ ಮುಖ್ಯ. ಒಂದು ತಂತ್ರಾಂಶ ಇಂಗ್ಲಿಷ್ ಮಾನದಲ್ಲಿ ಕೊಟ್ಟ ಅಂಕಿಗಳನ್ನು ಇನ್ನೊಂದು ಮೆಟ್ರಿಕ್ ಮಾನದವೆಂದು ಭಾವಿಸಿದ್ದರಿಂದ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್‌ನಲ್ಲಿ ನಾಶವಾಯಿತು. ಬೋಲ್ಟು ತಯಾರಿಸುವ ಕಾರ್ಖಾನೆಯಲ್ಲಿ ‘ಪ್ರಮಾಣ: 12’ ಎಂದರೆ 12 ನಗವೋ, 12 ಡಜನ್ನೋ, 12 ಕಿಲೋವೋ ಎಂಬುದನ್ನು ಬರೆದಿಡದಿದ್ದರೆ ಆಗುವ ಹಾನಿ ಚಿಕ್ಕದಾದರೂ ಸ್ವಭಾವದಲ್ಲಿ ಅದೇ ಬಗೆಯದು. 4-5-2025 ಎಂಬುದು ಮೇ 4 ಕೂಡ ಆಗಬಹುದು, ಏಪ್ರಿಲ್ 5 ಕೂಡ ಆಗಬಹುದು.

‘ಯಂತ್ರವೇ ಬುದ್ಧಿವಂತವಲ್ಲವೇ, ತಿಳಿದುಕೊಳ್ಳಲಿ’ ಎಂಬ ವಾದವುಂಟು. ಎಷ್ಟೇ ಬುದ್ಧಿಯಿದ್ದರೂ ಯಾರೂ ತಿಳಿಸದ ಅಂಗಡಿಯ ಪದ್ಧತಿ ಅದಕ್ಕೆ ಗೊತ್ತಾಗುವುದು ಹೇಗೆ? ಹಾಗೆಂದು ಪುಟಗಟ್ಟಲೆ ಬರೆಯುವುದೂ ಸಲ್ಲದು. ಏಜೆಂಟ್ ವಿವರಣೆಗಳನ್ನು ಪ್ರತಿ ಬಾರಿಯೂ ಓದಬೇಕಾದ್ದರಿಂದ ಅನವಶ್ಯಕ ವಿಸ್ತಾರ ವೆಚ್ಚವನ್ನೂ ಗೊಂದಲವನ್ನೂ ಹೆಚ್ಚಿಸುತ್ತದೆ. ಟೂಲ್ ಏನು ಮಾಡುತ್ತದೆ, ಯಾವಾಗ ಬಳಸಬಾರದು, ಯಾವ ಮಾನದಲ್ಲಿ ಮಾಹಿತಿ ಕೊಡಬೇಕು, ವಿಫಲವಾದರೆ ಏನು ಮಾಡಬೇಕು, ಈ ನಾಲ್ಕು ಪ್ರಶ್ನೆಗಳಿಗೆ ನೇರ ವಾಕ್ಯಗಳಲ್ಲಿ ಉತ್ತರವಿದ್ದರೆ ಸಾಕು. ಇನ್ನೊಂದು ಎಚ್ಚರಿಕೆ ಅಗತ್ಯ: ಬರಹವು ಬೀಗವಲ್ಲ. ಹಣ ಪಾವತಿ, ಬಿಲ್ ರದ್ದತಿಯಂತಹ ಹಿಂದಿರುಗಿಸಲಾಗದ ಕಾರ್ಯಗಳಿಗೆ ಮನುಷ್ಯರ ಒಪ್ಪಿಗೆ ಕಡ್ಡಾಯವಾಗಿರುವಂತೆ ತಂತ್ರಾಂಶದಲ್ಲಿಯೇ ವ್ಯವಸ್ಥೆ ಇರಬೇಕು.

ಈ ಬರಹವನ್ನು ತಂತ್ರಾಂಶ ಮಾರಾಟಗಾರರೊಬ್ಬರೇ ಪೂರ್ಣಗೊಳಿಸಲಾರರು. ಸಾಮಾನ್ಯ ವಿವರಣೆ ಅವರಿಂದ ಬರಬೇಕು. ಖರೀದಿ ಕರಾರಿನಲ್ಲಿಯೇ ಉದ್ಯಮಿಗಳು ಅದನ್ನು ಕೇಳಿ ಪಡೆಯುವುದು ಸೂಕ್ತ. ವ್ಯವಹಾರದ ಒಳಪದ್ಧತಿಯನ್ನು ಮಾತ್ರ ಮಾಲೀಕರು ಮತ್ತು ಅನುಭವಿ ನೌಕರರೇ ಬರೆದುಕೊಡಬೇಕು. ಸರಕಿನ ಹೆಸರು ಹಾಗೂ ಅಳತೆಗಳ ಸಮಾನ ಪಟ್ಟಿಯನ್ನು ವಾಣಿಜ್ಯ ಸಂಸ್ಥೆಗಳು ಉದ್ಯಮವಾರು ಸಿದ್ಧಪಡಿಸಿದರೆ ಸಣ್ಣ ಘಟಕಗಳ ಹೊರೆ ಗಣನೀಯವಾಗಿ ಇಳಿಯುತ್ತದೆ. ಅಂತಹ ಬರಹ ಏಜೆಂಟಿಗಷ್ಟೇ ಅಲ್ಲ, ನಾಳೆ ಕೆಲಸಕ್ಕೆ ಸೇರುವ ಹೊಸ ನೌಕರನಿಗೂ ಉಪಯುಕ್ತ. ಹಳೆಯ ಗುಮಾಸ್ತ ನಿವೃತ್ತನಾಗುವ ಮೊದಲೇ ಈ ಕಾರ್ಯ ಆರಂಭವಾಗುವುದು ಒಳಿತು.